ಟ್ಯಾಕ್ಸ್ ಜಾಸ್ತಿ ಕಟ್ಟಿದವರಿಗೆ ಪಿಂಚಣಿಯೂ ಜಾಸ್ತಿ ಬರುತ್ತಾ?

ಜುಲೈ ತಿಂಗಳು ಬಂತೆಂದರೆ ಬೆಳಗಾವಿಯ ತೆರಿಗೆ ಸಲಹೆಗಾರರ ಆಫೀಸುಗಳಲ್ಲಿ ಕುರ್ಚಿ ಸಿಗುವುದು ಕಷ್ಟ. ರಿಟರ್ನ್ ಹಾಕಲು ಬಂದವರಲ್ಲಿ ಯಾರಾದರೊಬ್ಬರು ಈ ಮಾತು ಎತ್ತಿಯೇ ಎತ್ತುತ್ತಾರೆ: "ಟ್ಯಾಕ್ಸ್ ಕಟ್ಟೋರು ನಾವು, ಪುಕ್ಕಟೆ ತಿನ್ನೋರು ಬ್ಯಾರೇದವರು. ವಯಸ್ಸಾದ ಮ್ಯಾಲೆ ಸರಕಾರದವರು ನಮಗೇನ್ ಕೊಡ್ತಾರ್ರೀ?" ಸುತ್ತ ಕೂತವರು ಹೌದೆನ್ನುತ್ತಾರೆ. ಮಾತು ಗ್ಯಾರಂಟಿಗೆ ಹೊರಳುತ್ತದೆ, ಅಲ್ಲಿಂದ ಚುನಾವಣೆಗೆ. ಕೇಳಿದ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡುವುದಿಲ್ಲ.

ಉತ್ತರ ಚಿಕ್ಕದು. ಆದಾಯ ತೆರಿಗೆ ಜಾಸ್ತಿ ಕಟ್ಟಿದ್ದಕ್ಕೆ ನಮ್ಮಲ್ಲಿ ಒಂದು ರೂಪಾಯಿ ಪಿಂಚಣಿಯೂ ಜಾಸ್ತಿ ಬರುವುದಿಲ್ಲ. ನಲವತ್ತು ವರ್ಷದ ರಿಟರ್ನ್ ಕಂತೆಯನ್ನು ನಾಡಕಚೇರಿಗೆ ಹೊತ್ತುಕೊಂಡು ಹೋದರೂ ವೃದ್ಧಾಪ್ಯ ವೇತನದ ಅರ್ಜಿಯಲ್ಲಿ ಅದನ್ನು ತುಂಬುವ ಕಾಲಮ್ಮೇ ಇಲ್ಲ. ಅಲ್ಲಿ ನೋಡುವುದು ಇವತ್ತಿನ ವಯಸ್ಸು, ಇವತ್ತಿನ ವರಮಾನ.

ಬರುವುದಿಲ್ಲ ಅನ್ನುವುದಷ್ಟೇ ಆಗಿದ್ದರೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ಟ್ಯಾಕ್ಸ್ ಕಟ್ಟಿದ್ದೇ ಕಾರಣವಾಗಿ ಹೊರಗೆ ಉಳಿಯಬೇಕಾದ ಯೋಜನೆಗಳು ಸಾಕಷ್ಟಿವೆ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ 2023ರ ಆಗಸ್ಟ್‌ನಲ್ಲಿ ಶುರುವಾಯಿತು. ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಹಣ ಇಲ್ಲ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಕೂಡ ತೆರಿಗೆ ಕಟ್ಟಿದ ರೈತನಿಗೆ ಸಿಗುವುದಿಲ್ಲ. ಬಿಪಿಎಲ್ ಕಾರ್ಡಿನ ಕಥೆಯೂ ಅದೇ. ಶಕ್ತಿ ಬಸ್ಸು ಮತ್ತು ಗೃಹಜ್ಯೋತಿಯ ಕರೆಂಟು ಮಾತ್ರ ಈ ಲೆಕ್ಕ ಕೇಳುವುದಿಲ್ಲ.

ಇವೆಲ್ಲ ಬಡವರಿಗೆಂದು ಇಟ್ಟ ಹಣ, ಇರಲಿ ಬಿಡಿ ಅನ್ನಬಹುದು. ಆದರೆ ಅಟಲ್ ಪಿಂಚಣಿ ಯೋಜನೆಯದು ಬೇರೆ ಲೆಕ್ಕ. ಅಲ್ಲಿ ಕಟ್ಟುವುದು ನಮ್ಮದೇ ದುಡ್ಡು. 18ನೇ ವಯಸ್ಸಿನಲ್ಲಿ ಸೇರಿ ತಿಂಗಳಿಗೆ 210 ರೂಪಾಯಿ ಕಟ್ಟುತ್ತಾ ಹೋದರೆ 60ರ ನಂತರ ತಿಂಗಳಿಗೆ 5,000 ರೂಪಾಯಿ ಖಾತ್ರಿ ಪಿಂಚಣಿ. 2022ರ ಅಕ್ಟೋಬರ್ 1ರಿಂದ ತೆರಿಗೆ ಕಟ್ಟುವವರು ಇದಕ್ಕೆ ಹೊಸದಾಗಿ ಸೇರುವಂತಿಲ್ಲ. ಅವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ಪದ್ಧತಿ ಇದೆಯಲ್ಲ ಅನ್ನಬಹುದು. ಇದೆ, ಆದರೆ ಅದರಲ್ಲಿ ಇಷ್ಟೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಸ್ವಂತ ದುಡ್ಡು ಕೂಡಿಡುವ ಯೋಜನೆಗೂ ತೆರಿಗೆದಾರ ಬೇಡ ಅನ್ನುವುದರ ತರ್ಕ ನನಗಂತೂ ಹಿಡಿಸುವುದಿಲ್ಲ.

ಇನ್ನು ಜಿಎಸ್‌ಟಿಯ ಗೆರೆ. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಎರಡು ಮಗ್ಗ ಇಟ್ಟುಕೊಂಡ ಒಂದು ಮನೆ ಇದೆ ಅಂದುಕೊಳ್ಳಿ. ಪುಣೆಯ ಅಂಗಡಿಯವರು ಬಿಲ್ ಇಲ್ಲದೆ ಮಾಲು ತಗೊಳ್ಳುವುದಿಲ್ಲ ಅಂದರು. ಗಂಡ ಜಿಎಸ್‌ಟಿ ನಂಬರ್ ಮಾಡಿಸಿದ, ರಿಟರ್ನ್ ಹಾಕತೊಡಗಿದ. ಅವನ ಲಾಭ ಆದಾಯ ತೆರಿಗೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಆದರೂ ನಿಯಮದ ಪ್ರಕಾರ ಹೆಂಡತಿಗೆ ಗೃಹಲಕ್ಷ್ಮಿ ಇಲ್ಲ. ವರ್ಷಕ್ಕೆ 24,000 ರೂಪಾಯಿ ಹೋಯಿತು. ಅದೇ ವಿಜಯಪುರದ ಕಡೆ ದ್ರಾಕ್ಷಿ ಬೆಳೆದು, ಒಣದ್ರಾಕ್ಷಿ ಮಾಡಿ ಮಾರುವ ದೊಡ್ಡ ಹಿಡುವಳಿದಾರನ ಕೃಷಿ ವರಮಾನಕ್ಕೆ ಆದಾಯ ತೆರಿಗೆ ಇಲ್ಲ. ಬೇರೆ ವರಮಾನ ಇಲ್ಲದಿದ್ದರೆ ಅವನು ಎಷ್ಟೇ ಗಳಿಸಲಿ, ಕಾಗದದ ಮೇಲೆ ತೆರಿಗೆದಾರನಲ್ಲ. ದ್ರಾಕ್ಷಿ ಬೆಳೆಗಾರರ ಸಾಲ, ಆಲಿಕಲ್ಲು ಮಳೆ, ಬೀಳುವ ದರ ಎಲ್ಲ ಗೊತ್ತಿದ್ದೇ ಹೇಳುತ್ತಿದ್ದೇನೆ. ಟ್ಯಾಕ್ಸ್ ಕಟ್ಟುವುದು ಬಿಡುವುದನ್ನೇ ಬಡತನ ಅಳೆಯುವ ಕೋಲು ಮಾಡಿಕೊಂಡರೆ ಅಳತೆ ತಪ್ಪುವುದು ಹೀಗೆ.

ಅಷ್ಟಕ್ಕೂ "ಟ್ಯಾಕ್ಸ್ ಕಟ್ಟೋರು ನಾವು" ಅನ್ನುವ ಮಾತೇ ಪೂರ್ತಿ ಸರಿಯಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ವರಮಾನಕ್ಕೆ ರಿಯಾಯಿತಿ ಇದೆ, ಸಂಬಳದಾರರಿಗೆ 12.75 ಲಕ್ಷದವರೆಗೆ. ಹಾಗಾಗಿ ಆ ಕುರ್ಚಿಗಳಲ್ಲಿ ಕೂತವರಲ್ಲಿ ಎಷ್ಟೋ ಜನ ರಿಟರ್ನ್ ಹಾಕುವವರು, ತೆರಿಗೆ ಕಟ್ಟುವವರಲ್ಲ. ಇನ್ನೊಂದು ಕಡೆ, ವೃದ್ಧಾಪ್ಯ ವೇತನದ ಹಣದಲ್ಲಿ ಸಾಬೂನು, ಚಹಾಪುಡಿ ತರುವ ಅಜ್ಜಿಯೂ 5% ಜಿಎಸ್‌ಟಿ ಕಟ್ಟುತ್ತಾಳೆ. ಅವಳ ಮೊಮ್ಮಗ ಬೈಕಿಗೆ ಹಾಕಿಸುವ ಪೆಟ್ರೋಲಿನ ಮೇಲೆ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ 29.84% ಆಯಿತು. ಅದರ ಮೇಲೆ ಕೇಂದ್ರದ್ದು ಬೇರೆ. ಯಾರ ಹೆಸರಿನಲ್ಲಿ ಎಷ್ಟು ಹೋಯಿತು ಅಂತ ಯಾವ ಪಾಸ್‌ಬುಕ್ಕಿನಲ್ಲೂ ಬರೆದಿರುವುದಿಲ್ಲ, ಅಷ್ಟೇ.

ಕಾನೂನು ಏನನ್ನುತ್ತದೆ

ತೆರಿಗೆ ಕಟ್ಟಿದ್ದಕ್ಕೆ ಪ್ರತಿಫಲ ಇಲ್ಲ ಅನ್ನುವುದನ್ನು ಸುಪ್ರೀಂ ಕೋರ್ಟ್ 1954ರಲ್ಲೇ ಬಿಡಿಸಿ ಹೇಳಿತ್ತು. ಅದಕ್ಕೆ ಕಾರಣವಾಗಿದ್ದು ನಮ್ಮ ಉಡುಪಿಯ ಶೀರೂರು ಮಠ. ಆಗಿನ ಮದ್ರಾಸ್ ಸರಕಾರ ಧಾರ್ಮಿಕ ದತ್ತಿ ಕಾನೂನಿನಡಿ ಮಠಗಳಿಂದ ಹಣ ಕೇಳಿತ್ತು. ಸ್ವಾಮೀಜಿ ಕೋರ್ಟಿಗೆ ಹೋದರು. ಇದು ತೆರಿಗೆಯೋ ಶುಲ್ಕವೋ ಎಂಬ ಪ್ರಶ್ನೆ ಬಂತು. ತೆರಿಗೆ ಅಂದರೆ ಸಾರ್ವಜನಿಕ ಕೆಲಸಕ್ಕೆಂದು ಕಾನೂನಿನ ಬಲದಿಂದ ಕಡ್ಡಾಯವಾಗಿ ವಸೂಲು ಮಾಡುವ ಹಣ, ಕೊಟ್ಟವನಿಗೆ ಮಾಡಿದ ಸೇವೆಯ ಬೆಲೆ ಅಲ್ಲ ಅಂತ ಕೋರ್ಟ್ ಹೇಳಿತು. ಶುಲ್ಕ ಅಂದರೆ ಪಡೆದ ಸೇವೆಗೆ ಪ್ರತಿಯಾಗಿ ಕೊಡುವುದು. ತೆರಿಗೆಯ ವಿಚಾರ ಬಂದಾಗಲೆಲ್ಲ ಇವತ್ತಿಗೂ ಈ ತೀರ್ಪನ್ನು ಉಲ್ಲೇಖಿಸುತ್ತಾರೆ.

ಹಾಗಾದರೆ ಪಿಂಚಣಿಗೆ ಹಕ್ಕು ಹುಟ್ಟುವುದು ಎಲ್ಲಿಂದ? ಮೂರು ಕಡೆಯಿಂದ. ನಮ್ಮ ಹೆಸರಿನಲ್ಲಿ ಜಮಾ ಆದ ವಂತಿಗೆಯಿಂದ, ಮಾಡಿದ ನೌಕರಿಯ ಜಾತಿಯಿಂದ, ಇಲ್ಲವೇ ಸರಕಾರದ ಮನಸ್ಸಿನಿಂದ. ತೆರಿಗೆ ಈ ಮೂರರಲ್ಲೂ ಇಲ್ಲ.

ವಂತಿಗೆಯದನ್ನು ಒಂದು ಪಗಾರ ಚೀಟಿಯಲ್ಲೇ ನೋಡೋಣ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಒಬ್ಬ ಕೆಲಸಗಾರ 2015ರಲ್ಲಿ ಕಡಿಮೆ ಪಗಾರಕ್ಕೆ ಸೇರಿದ, ಈಗ ಮೂಲ ವೇತನ, ತುಟ್ಟಿಭತ್ಯೆ ಸೇರಿ 20,000 ತಗೊಳ್ಳುತ್ತಾನೆ ಅನ್ನೋಣ. ಅವನಿಂದ 12%, ಅಂದರೆ 2,400 ರೂಪಾಯಿ ಪಿಎಫ್‌ಗೆ ಮುರಿಯುತ್ತಾರೆ. ಮಾಲೀಕರೂ 2,400 ಹಾಕುತ್ತಾರೆ, ಆದರೆ ಅದು ಎರಡು ಹೋಳಾಗುತ್ತದೆ. 1,250 ರೂಪಾಯಿ ಇಪಿಎಸ್ ಎಂಬ ಪಿಂಚಣಿ ನಿಧಿಗೆ, ಉಳಿದ 1,150 ಪಿಎಫ್‌ಗೆ. 1,250 ಯಾಕೆ? ಪಿಂಚಣಿಗೆ ಲೆಕ್ಕ ಹಿಡಿಯುವ ವೇತನ 15,000ಕ್ಕೆ ನಿಂತಿದೆ, ಅದರ 8.33% ಅಷ್ಟೇ. ಈ ಮಿತಿ ಬಂದದ್ದು 2014ರ ಸೆಪ್ಟೆಂಬರ್‌ನಲ್ಲಿ.

ಅವನ ಜತೆಯಲ್ಲೇ 2015ರಲ್ಲಿ ತರಬೇತಿ ಎಂಜಿನಿಯರ್ ಆಗಿ ಸಣ್ಣ ಪಗಾರಕ್ಕೆ ಸೇರಿದವನೊಬ್ಬ ಈಗ ವರ್ಷಕ್ಕೆ 18 ಲಕ್ಷ ಗಳಿಸುತ್ತಾನೆ ಅಂದುಕೊಳ್ಳಿ. ಹೊಸ ಪದ್ಧತಿಯಲ್ಲಿ 75,000ದ ಕಡಿತ ಕಳೆದು, ಸೆಸ್ ಸೇರಿಸಿ ಅವನು ಕಟ್ಟುವ ಆದಾಯ ತೆರಿಗೆ 1,50,800 ರೂಪಾಯಿ. ಫೌಂಡ್ರಿಯವನದು ಸೊನ್ನೆ. ಇಬ್ಬರೂ 30 ವರ್ಷ ದುಡಿದು 58ಕ್ಕೆ ನಿವೃತ್ತರಾದರೆ ಇವತ್ತಿನ ಸೂತ್ರದಂತೆ ಇಪಿಎಸ್ ಪಿಂಚಣಿ ಎಷ್ಟು? 20 ವರ್ಷ ದಾಟಿದವರಿಗೆ 2 ವರ್ಷ ಬೋನಸ್ ಸೇರಿಸಿ, 15,000 ಗುಣಿಸು 32, ಭಾಗಿಸು 70. ತಿಂಗಳಿಗೆ ಸುಮಾರು 6,857 ರೂಪಾಯಿ. ಇಬ್ಬರಿಗೂ ಅಷ್ಟೇ. ಎಂಜಿನಿಯರ್‌ನ ಪಿಎಫ್ ಗಂಟು ದೊಡ್ಡದಿರುತ್ತದೆ ನಿಜ, ಆದರೆ ಅದು ಅವನೂ ಕಂಪನಿಯೂ ಹಾಕಿದ ದುಡ್ಡು ಬಡ್ಡಿ ಸೇರಿ ಬೆಳೆದದ್ದು. ಆ ಒಂದೂವರೆ ಲಕ್ಷ ತೆರಿಗೆಗೂ ಇದಕ್ಕೂ ಏನೂ ಸಂಬಂಧ ಇಲ್ಲ. ತಮಾಷೆ ಇನ್ನೂ ಇದೆ. 2014ರ ಸೆಪ್ಟೆಂಬರ್ ನಂತರ ಮೊದಲ ನೌಕರಿಯೇ 15,000ಕ್ಕಿಂತ ಹೆಚ್ಚಿನ ಮೂಲ ವೇತನದಿಂದ ಶುರುವಾದರೆ ಇಪಿಎಸ್‌ಗೆ ಸೇರಿಸುವುದೇ ಇಲ್ಲ.

ಫೌಂಡ್ರಿಯವನ ಅದೇ ಚೀಟಿಯಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಅಂತ ಇನ್ನೊಂದು ಸಾಲಿದೆ. ಪಗಾರದ 0.75%, ಅವನಿಗೆ 150 ರೂಪಾಯಿ. ಕಡಿಮೆ ಪಗಾರದವನು 90 ಕೊಟ್ಟಿರಬಹುದು. ಆಸ್ಪತ್ರೆಗೆ ಹೋದರೆ ಇಬ್ಬರಿಗೂ ಅದೇ ಔಷಧ, ಅದೇ ಆಪರೇಷನ್. ಆದರೆ ಹಾಸಿಗೆ ಹಿಡಿದು ಕೆಲಸ ತಪ್ಪಿದರೆ ಕೊಡುವ ನಗದು ಪಗಾರದ 70%. ಅಲ್ಲಿ ಜಾಸ್ತಿ ಕಟ್ಟಿದವನಿಗೆ ಜಾಸ್ತಿ. ಕಾಯಿಲೆಗೆ ಒಂದು ನ್ಯಾಯ, ಕಳೆದುಕೊಂಡ ಸಂಬಳಕ್ಕೆ ಇನ್ನೊಂದು ನ್ಯಾಯ. ನಮ್ಮ ಸಾಮಾಜಿಕ ಭದ್ರತೆಯಲ್ಲಿ ಇಷ್ಟು ನೀಟಾಗಿ ಯೋಚಿಸಿ ಮಾಡಿದ್ದು ಬೇರೆ ಕಡೆ ನಾನು ಕಂಡಿಲ್ಲ. ಇಎಸ್‌ಐ ಔಷಧಾಲಯದ ಕ್ಯೂ ವಿಷಯ ಬೇರೆ ಬಿಡಿ.

ನೌಕರಿಯ ಜಾತಿ ಅಂದೆನಲ್ಲ, ಅದಕ್ಕೆ ಸರಕಾರಿ ಶಾಲೆಯ ಸ್ಟಾಫ್ ರೂಮು ಸಾಕು. 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದ ಮೇಷ್ಟ್ರಿಗೆ ಹಳೆ ಪಿಂಚಣಿ. ಆಮೇಲೆ ಸೇರಿದವರಿಗೆ ಎನ್‌ಪಿಎಸ್. ಪಕ್ಕಪಕ್ಕದ ಕುರ್ಚಿ, ಅದೇ ಪಾಠ, ಹೆಚ್ಚೂಕಡಿಮೆ ಅದೇ ಪಗಾರ, ಅದೇ ತೆರಿಗೆ. ಒಬ್ಬರಿಗೆ ಖಾತ್ರಿ ಪಿಂಚಣಿ, ತುಟ್ಟಿಭತ್ಯೆಯೊಂದಿಗೆ ಏರುತ್ತಲೂ ಹೋಗುತ್ತದೆ. ಇನ್ನೊಬ್ಬರದು ಶೇರು ಮಾರುಕಟ್ಟೆಯ ಕೈಯಲ್ಲಿ. ಸುವರ್ಣಸೌಧದಲ್ಲಿ ಅಧಿವೇಶನ ನಡೆದಾಗ ಎನ್‌ಪಿಎಸ್ ರದ್ದು ಮಾಡಿ ಎಂಬ ಕೂಗು ಏಳುವುದು ಇದಕ್ಕೇ. ಇಲ್ಲಿ ತೀರ್ಮಾನ ಮಾಡಿದ್ದು ನೇಮಕಾತಿಯ ತಾರೀಖು.

ರಾಜ್ಯ ರಾಜ್ಯಕ್ಕೆ ಬೇರೆ

ವ್ಯಕ್ತಿಯ ಲೆಕ್ಕ ಬಿಡಿ, ರಾಜ್ಯದ ಲೆಕ್ಕದಲ್ಲಾದರೂ ಜಾಸ್ತಿ ತೆರಿಗೆ ಬರುವ ಕಡೆ ಜಾಸ್ತಿ ಪಿಂಚಣಿ ಇದೆಯಾ? ಜಿಎಸ್‌ಟಿ ವಸೂಲಿಯಲ್ಲಿ ಮಹಾರಾಷ್ಟ್ರ ಮೊದಲು, ಕರ್ನಾಟಕ ಎರಡನೆಯದು. ಕರ್ನಾಟಕದ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ಆಂಧ್ರಪ್ರದೇಶದ ವಸೂಲಿ ನಮಗಿಂತ ಎಷ್ಟೋ ಕಡಿಮೆ. ಅಲ್ಲಿ 2024ರ ಜುಲೈಯಿಂದ ವೃದ್ಧರಿಗೆ 4,000. ಹಾಗಂತ ಕರ್ನಾಟಕ ಕೈ ಬಿಗಿ ಮಾಡಿದೆ ಅನ್ನಲಾಗದು, 2025-26ರ ಬಜೆಟ್ಟಿನಲ್ಲಿ ಗ್ಯಾರಂಟಿಗಳಿಗೇ ಸುಮಾರು 51,000 ಕೋಟಿ ಇಟ್ಟಿದೆ. ಆ ಹಣ ಹೆಚ್ಚಾಗಿ ಹೋಗುವುದು ಮನೆಯ ಯಜಮಾನಿಗೆ, ಬಸ್ಸಿಗೆ, ಕರೆಂಟಿಗೆ, ಅಕ್ಕಿಗೆ. ಒಂಟಿ ಮುದುಕನಿಗೆ ಗೃಹಲಕ್ಷ್ಮಿ ಇಲ್ಲ, ಶಕ್ತಿ ಬಸ್ಸೂ ಇಲ್ಲ. ನಿಪ್ಪಾಣಿಯಿಂದ ಸ್ವಲ್ಪ ಮುಂದೆ ಗಡಿ ದಾಟಿದರೆ ಮಹಾರಾಷ್ಟ್ರದ ಲಾಡಕಿ ಬಹೀಣ್, ಹೆಂಗಸರಿಗೆ ತಿಂಗಳಿಗೆ 1,500. ಅಲ್ಲೂ ತೆರಿಗೆ ಕಟ್ಟುವ ಮನೆಯವರಿಗೆ ಇಲ್ಲ. ಯಾರಿಗೆ, ಎಷ್ಟು ಅನ್ನುವುದು ಆಯಾ ಸರಕಾರದ ಆಯ್ಕೆ. ಕೇಂದ್ರದ್ದಂತೂ ಕೇಳಲೇಬೇಡಿ. ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಗೆ 80 ವರ್ಷದೊಳಗಿನವರ ಪಾಲಿಗೆ ದೆಹಲಿ ಕೊಡುವುದು ತಿಂಗಳಿಗೆ 200 ರೂಪಾಯಿ. 2007ರಿಂದ ಅದು ಅಲ್ಲಾಡಿಲ್ಲ.

ಕಟ್ಟಿದಷ್ಟು ಕೊಡಿ ಅಂದರೆ ನಮ್ಮ ಗತಿಯೇನು

ಜಾಸ್ತಿ ಕಟ್ಟಿದವರಿಗೆ ಜಾಸ್ತಿ ಅನ್ನುವ ನಿಯಮ ಬಂದರೆ ಮೊದಲು ಪೆಟ್ಟು ತಿನ್ನುವುದು ಉತ್ತರ ಕರ್ನಾಟಕದ ನಾವೇ. ತೆರಿಗೆದಾರ ಸರಕಾರಕ್ಕೆ ಹೇಳುವ ಮಾತನ್ನೇ ಕರ್ನಾಟಕ ದೆಹಲಿಗೆ ಹೇಳುತ್ತದೆ. 2024ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ, ಮಂತ್ರಿಗಳು ಜಂತರ್ ಮಂತರ್‌ನಲ್ಲಿ ಧರಣಿ ಕೂತರು. "ನನ್ನ ತೆರಿಗೆ ನನ್ನ ಹಕ್ಕು" ಅನ್ನುವ ಘೋಷಣೆ ಊರೂರಿಗೆ ಹಬ್ಬಿತು. ಅದರಲ್ಲಿ ಹುರುಳಿಲ್ಲ ಅಂತಲ್ಲ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹೇಗೆ ಹಂಚಬೇಕು ಅಂತ ಹೇಳುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ರಾಜ್ಯಗಳ ಪಾಲಿನಲ್ಲಿ ಕರ್ನಾಟಕಕ್ಕೆ 4.713% ಇತ್ತು. 15ನೇ ಆಯೋಗದಲ್ಲಿ ಅದು 3.647%ಗೆ ಇಳಿಯಿತು. ಆ 15ನೇ ಆಯೋಗದ ಸೂತ್ರದಲ್ಲಿ 100ಕ್ಕೆ 45 ಅಂಕ ಇದ್ದದ್ದು ಬಡ ರಾಜ್ಯಗಳ ಕಡೆಗೆ ವಾಲುವ ವರಮಾನದ ಅಂತರಕ್ಕೆ. ತೆರಿಗೆ ಚೆನ್ನಾಗಿ ವಸೂಲು ಮಾಡಿದ್ದಕ್ಕೆ ಕೇವಲ 2.5. ಒಂದೇ ಸಲಕ್ಕೆ ಇಷ್ಟು ಪಾಲು ಕುಸಿದದ್ದು ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ.

ಆದರೆ ಅದೇ ಘೋಷಣೆಯನ್ನು ಬೆಂಗಳೂರಿನವರು ಕೂಗಿದರೆ? ರಾಜ್ಯದ ತೆರಿಗೆಯ ದೊಡ್ಡ ಪಾಲು ಹುಟ್ಟುವುದು ಅಲ್ಲಿ. ಕಟ್ಟಿದಲ್ಲೇ ಖರ್ಚು ಮಾಡಿ ಅಂತ ಅವರು ಹಟ ಹಿಡಿದರೆ ಕೃಷ್ಣಾ ಮೇಲ್ದಂಡೆಗೆ, ಮುಳುಗಡೆಯಾದ ಬಾಗಲಕೋಟೆಯ ಪುನರ್ವಸತಿಗೆ, ವಿಜಯಪುರದ ಏತ ನೀರಾವರಿಗೆ ದುಡ್ಡು ಎಲ್ಲಿಂದ ಬರಬೇಕು? 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ವರದಿ ಕೊಟ್ಟಿತು. ಎಂಟು ವರ್ಷದಲ್ಲಿ 31,000 ಕೋಟಿ ಖರ್ಚು ಮಾಡಿ ಅಂತಲೂ ಹೇಳಿತು. ಎಲ್ಲಿ ಕೊರತೆ ಇದೆಯೋ ಅಲ್ಲಿಗೆ ಜಾಸ್ತಿ ಅನ್ನುವುದೇ ಆ ವರದಿಯ ಜೀವ. ಆ ವರದಿಯನ್ನು ಮುಂದಿಟ್ಟುಕೊಂಡು ಇಪ್ಪತ್ತು ವರ್ಷದಿಂದ ಜಗಳ ಮಾಡುತ್ತಿರುವ ನಾವು, ಪಿಂಚಣಿಯ ವಿಷಯಕ್ಕೆ ಬಂದಾಗ ಕಟ್ಟಿದವರಿಗೆ ಮಾತ್ರ ಕೊಡಿ ಅನ್ನುವುದು ಹೇಗೆ? ಎರಡು ದೋಣಿಯ ಮೇಲೆ ಕಾಲಿಟ್ಟಂತೆ ಆಗುತ್ತದೆ.

ಹೊರದೇಶದ ಉದಾಹರಣೆ ಕೊಡುವವರೂ ಇದ್ದಾರೆ. "ಅಲ್ಲಿ ಟ್ಯಾಕ್ಸೂ ಜಾಸ್ತಿ, ಪೆನ್ಷನ್ನೂ ಜಾಸ್ತಿ." ಅರ್ಧ ನಿಜ. ಬ್ರಿಟನ್ನಿನಲ್ಲಿ ಪಿಂಚಣಿ ನಿಂತಿರುವುದು ಆದಾಯ ತೆರಿಗೆಯ ಮೇಲಲ್ಲ, ರಾಷ್ಟ್ರೀಯ ವಿಮೆ ಎಂಬ ಬೇರೆ ವಂತಿಗೆಯ ಮೇಲೆ. ಅದರಲ್ಲೂ ಎಣಿಸುವುದು ವರ್ಷಗಳನ್ನು. ಹೊಸ ಪದ್ಧತಿಯಲ್ಲಿ 35 ವರ್ಷ ತುಂಬಿಸಿದ ಅಂಗಡಿಯ ಹುಡುಗನಿಗೂ ಬ್ಯಾಂಕಿನ ಮುಖ್ಯಸ್ಥನಿಗೂ ಒಂದೇ ಪೂರ್ತಿ ಪಿಂಚಣಿ. ಅಮೆರಿಕದಲ್ಲಿ ಜಾಸ್ತಿ ಕಟ್ಟಿದವರಿಗೆ ಜಾಸ್ತಿ ಬರುತ್ತದೆ, ಆದರೆ ಸೂತ್ರ ಬಡವರ ಕಡೆ ವಾಲಿದೆ. ಗಳಿಕೆಯ ಮೊದಲ ತುಣುಕಿಗೆ 90%, ಆಮೇಲಿನದಕ್ಕೆ 32%, ಅದರಾಚೆ 15%. ಜರ್ಮನಿ ಮಾತ್ರ ಕಟ್ಟಿದ ವಂತಿಗೆಗೆ ತಕ್ಕ ಪಾಯಿಂಟ್ ಕೊಡುತ್ತದೆ, ಅದಕ್ಕೂ ಮೇಲ್ಮಿತಿ ಇದೆ. ಡೆನ್ಮಾರ್ಕ್‌ನಂಥ ದೇಶದಲ್ಲಿ ತೆರಿಗೆ ಒಟ್ಟು ಉತ್ಪನ್ನದ 40%ಗೂ ಜಾಸ್ತಿ. ನಮ್ಮಲ್ಲಿ ಕೇಂದ್ರ, ರಾಜ್ಯ ಎಲ್ಲ ಸೇರಿ ಸುಮಾರು 17-18%. ಅಲ್ಲಿನವನು ಅಷ್ಟು ಕಟ್ಟಿಯೂ ಸುಮ್ಮನಿರುತ್ತಾನೆ ಅಂದರೆ ಆಸ್ಪತ್ರೆ, ಶಾಲೆಗೆ ಮತ್ತೆ ಜೇಬಿಗೆ ಕೈ ಹಾಕಬೇಕಾಗಿಲ್ಲ.

ನಮ್ಮ ತೆರಿಗೆದಾರನ ನಿಜವಾದ ನೋವು ಇದೇ ಅಂತ ನನಗನಿಸುತ್ತದೆ. ಅವನು ತೆರಿಗೆಯನ್ನೂ ಕಟ್ಟುತ್ತಾನೆ, ಖಾಸಗಿ ಶಾಲೆಯ ಫೀಯನ್ನೂ ಕಟ್ಟುತ್ತಾನೆ, ಆರೋಗ್ಯ ವಿಮೆಯನ್ನೂ ಕಟ್ಟುತ್ತಾನೆ. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಮಾತ್ರ ಸರಕಾರದ್ದು, 70% ಕೈಯಿಂದ. ಮೆಡಿಕಲ್ ಅಂಗಡಿಯವರು, ವಕೀಲರು, ಸಣ್ಣ ಗುತ್ತಿಗೆದಾರರು, ಇವರಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ವ್ಯಾಪಾರ ನಡೆಯುತ್ತಿರುವವರೆಗೆ ತೆರಿಗೆದಾರ, ನಿಂತ ದಿನ ಯಾವ ಪಟ್ಟಿಯಲ್ಲೂ ಇಲ್ಲ. ಇವರು ಕೇಳಬೇಕಾದ್ದು ತೆರಿಗೆಗೆ ತಕ್ಕ ಪಿಂಚಣಿಯಲ್ಲ. ಕೇಳಬೇಕಾದ್ದು ಎರಡು. ತೆರಿಗೆದಾರನೂ ಸೇರಿ ಎಲ್ಲ ವೃದ್ಧರಿಗೂ ಒಂದು ಕನಿಷ್ಠ ಮೊತ್ತ. ಅದರ ಮೇಲೆ, ಯಾರು ಬೇಕಾದರೂ ಕಟ್ಟಿ ಬೆಳೆಸಿಕೊಳ್ಳಬಹುದಾದ ಖಾತ್ರಿ ಯೋಜನೆ. ಶ್ರೀಮಂತ ಮುದುಕನಿಗೂ ಕೊಡಬೇಕಾ ಅನ್ನುವವರಿಗೆ ಉತ್ತರ ಇದೆ: ಕೊಡಿ, ಆದಾಯ ತೆರಿಗೆಯಲ್ಲಿ ವಾಪಸ್ ತಗೊಳ್ಳಿ. ಯಾರು ಅರ್ಹರು, ಯಾರು ಅಲ್ಲ ಅಂತ ಸೋಸುವ ಕೆಲಸದಲ್ಲಿ ಕಳೆದುಹೋಗುವವರು ಹೆಚ್ಚಾಗಿ ಬಡವರೇ.

ಇಷ್ಟರ ಮೇಲೂ ರಿಟರ್ನ್ ಹಾಕುವುದು ದಂಡ ಅಂದುಕೊಳ್ಳಬೇಡಿ. ಬ್ಯಾಂಕ್ ಸಾಲಕ್ಕೆ, ವೀಸಾಕ್ಕೆ ಅದು ಬೇಕು. ಇನ್ನೊಂದು ಉಪಯೋಗ ಬಹಳ ಜನರಿಗೆ ಗೊತ್ತಿಲ್ಲ. ದುಡಿಯುವವರು ರಸ್ತೆ ಅಪಘಾತದಲ್ಲಿ ತೀರಿಕೊಂಡರೆ ಪರಿಹಾರ ಲೆಕ್ಕ ಹಾಕುವಾಗ ಕೋರ್ಟುಗಳು ರಿಟರ್ನಿನಲ್ಲಿ ತೋರಿಸಿದ ವರಮಾನವನ್ನು ಗಟ್ಟಿ ಸಾಕ್ಷಿ ಅಂತ ಹಿಡಿಯುತ್ತವೆ. ತೆರಿಗೆ ಉಳಿಸಲು ವರಮಾನ ಕಡಿಮೆ ತೋರಿಸಿದವರ ಮನೆಯವರಿಗೆ ಪರಿಹಾರವೂ ಕಡಿಮೆ ಆಗುತ್ತದೆ. ತೆರಿಗೆಗೂ ಮನೆಯವರ ಕೈಗೆ ಬರುವ ಹಣಕ್ಕೂ ನೇರ ನಂಟು ಕಾಣುವ ಅಪರೂಪದ ಜಾಗ ಇದು.

ಪಿಂಚಣಿ ಬೇಕಾದವರು ನೋಡಬೇಕಾದ್ದು ಪಿಎಫ್ ಪಾಸ್‌ಬುಕ್ಕನ್ನು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮಿಗೆ ಮಾತ್ರ ದುಡಿಯುವವರು ಎಷ್ಟೋ ಜನ. ಹಂಗಾಮಿನ ಉದ್ಯಮದಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ದುಡಿದರೂ ಇಪಿಎಸ್ ಅದನ್ನು ಪೂರ್ತಿ ಒಂದು ವರ್ಷ ಅಂತಲೇ ಎಣಿಸುತ್ತದೆ. ಹತ್ತು ಹಂಗಾಮು ಆದರೆ ಪಿಂಚಣಿಗೆ ಅರ್ಹತೆ. ಸರಾಸರಿ ವೇತನ 14,000 ಇದ್ದವನಿಗೆ ಆ ಹತ್ತು ವರ್ಷಕ್ಕೆ 58ರಿಂದ ತಿಂಗಳಿಗೆ 2,000 ರೂಪಾಯಿ, ಅವನು ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ. ಒಂಬತ್ತನೇ ಹಂಗಾಮು ಮುಗಿಸಿ, ಮಗಳ ಮದುವೆಗೋ ಬೋರ್‌ವೆಲ್‌ಗೋ ಅಂತ 10ಸಿ ಫಾರ್ಮ್ ತುಂಬಿ ಪಿಂಚಣಿ ನಿಧಿಯ ದುಡ್ಡು ಬಿಡಿಸಿಕೊಂಡರೆ ಆ ಒಂಬತ್ತೂ ವರ್ಷ ಅಳಿಸಿಹೋಗುತ್ತದೆ. ಅದೇ ಫಾರ್ಮಿನಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದರೆ ವರ್ಷಗಳು ಉಳಿಯುತ್ತವೆ, ಮುಂದೆ ಯಾವ ಕಾರ್ಖಾನೆಗೆ ಸೇರಿದರೂ ಅಲ್ಲಿಂದಲೇ ಎಣಿಕೆ ಮುಂದುವರಿಯುತ್ತದೆ.